ಸೊಂಟದ ಕೆಳಗಿನ ನ್ಯಾಯ

ಗುರುಪಾದಸ್ವಾಮಿ ಮೇಷ್ಟ್ರು ತಮ್ಮ ಜೀವಮಾನದಲ್ಲಿ ಯಾರನ್ನೂ ಒಂಟಿಯಾಗಿ ತಪ್ಪಿತಸ್ಥ ಎಂದು ಹೇಳಿದವರಲ್ಲ. ಹೇಳಿದರೆ ಜೋಡಿಯಾಗಿಯೇ ಹೇಳುತ್ತಿದ್ದರು. ಗುಂಡ್ಲುಪೇಟೆ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು ಅವರು. ಅಷ್ಟೂ ವರ್ಷ ಸುತ್ತಮುತ್ತಲಿನ ಕಬಡ್ಡಿ ಪಂದ್ಯಗಳಿಗೆಲ್ಲ ಅವರೇ ರೆಫರಿ. ಗೆರೆಯ ಹತ್ತಿರ ಜಗಳ ಬಿದ್ದರೆ ಸೀಟಿ ಊದಿ, ಎರಡೂ ತಂಡದ ನಾಯಕರ ಹೆಗಲ ಮೇಲೆ ಒಂದೊಂದು ಕೈ ಇಟ್ಟು, "ಇಬ್ರುದೂ ತಪ್ಪದೆ ಕಣ್ರಲಾ. ಒಂದೊಂದು ಪಾಯಿಂಟ್ ತಕ್ಕಳಿ, ಆಟ ಮುಂದಕ್ಕೆ ನಡೀಲಿ" ಎನ್ನುತ್ತಿದ್ದರು. ಆಟವೇನೋ ನಡೆಯುತ್ತಿತ್ತು. ಗೆಲ್ಲಬೇಕಾದವರು ಸೋತು ಮನೆಗೆ ಹೋಗುತ್ತಿದ್ದರು, ಅದು ಬೇರೆ ಮಾತು. ಹಾಗೆ ಹೋದವರಲ್ಲಿ ಉಡಿಗಾಲದ ಶರತ್ ಎಂಬ ನಾನೂ ಒಬ್ಬ. ಹತ್ತನೇ ಕ್ಲಾಸಿನ ಆ ಹೊಟ್ಟೆಯುರಿ ಇನ್ನೂ ಆರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಇವರ ಬಗ್ಗೆ ಸುಮ್ಮನೆ ಆಡಿಕೊಳ್ಳುತ್ತಿದ್ದೇನೆ ಎಂದುಕೊಳ್ಳುತ್ತೀರಿ.

ನಿವೃತ್ತಿಯಾದ ಮೇಲೆ ಅವರ ರೆಫರಿಗಿರಿ ಮೈದಾನ ಬಿಟ್ಟು ಊರೊಳಗೆ ಬಂತು. ಜಮೀನಿನ ಬದು, ಗಂಡ ಹೆಂಡತಿ ಜಗಳ, ಅಣ್ಣತಮ್ಮಂದಿರ ಪಾಲು, ಯಾವುದಿದ್ದರೂ ಮೇಷ್ಟ್ರನ್ನು ಕರೆಸುತ್ತಿದ್ದರು. ಬದು ಒತ್ತಿದವನಿಗೆ ತಪ್ಪು, ಬದು ಕಳೆದುಕೊಂಡವನಿಗೂ ತಪ್ಪು. ನೀನು ಮೊದಲೇ ಕಲ್ಲು ನೆಡಬೇಕಿತ್ತು ಎಂದು. ಹೆಂಡತಿಗೆ ಹೊಡೆದವನು ಕೈಮುಗಿಯಬೇಕು, ಹೊಡೆಸಿಕೊಂಡವಳೂ ಕೈಮುಗಿಯಬೇಕು; ಬಾಯಿ ಸ್ವಲ್ಪ ಕಮ್ಮಿ ಮಾಡಿಕೊಳ್ಳಬೇಕಿತ್ತು ಎಂದು. ಕೊನೆಗೆ ಇಬ್ಬರ ಕೈಗೂ ವೀಳ್ಯದೆಲೆ ಅಡಿಕೆ ಕೊಡಿಸಿ, ಕಾಫಿ ಕುಡಿದು, ಎಲ್ಲರೂ ನೆಮ್ಮದಿಯಾಗಿ ಏಳುತ್ತಿದ್ದರು. ಇದಕ್ಕೆ ಅವರು ರಾಜಿ ಎಂದು ಹೆಸರಿಟ್ಟಿದ್ದರು. ಪಕ್ಷಪಾತ ಮಾಡದ ಮನುಷ್ಯ ಎಂದು ಊರೇ ಹೊಗಳುತ್ತಿತ್ತು. ಏಟು ತಿಂದವರು ಹೊಗಳಿದ್ದನ್ನು ಮಾತ್ರ ನಾನು ಕೇಳಿಲ್ಲ.

ಇಂಥವರನ್ನು ತಂದು ಅಮೆರಿಕದ ಫುಟ್‌ಬಾಲಿಗೆ ತೀರ್ಪುಗಾರರನ್ನಾಗಿ ಕೂರಿಸಿದವನು ಶಿವಶಂಕರ, ಅವರ ತಮ್ಮನ ಮಗ. ಚಾಮರಾಜನಗರದಲ್ಲಿ ಅವನಪ್ಪನದು ಬೀಜ ಗೊಬ್ಬರದ ಅಂಗಡಿ. ಅದರ ಮಹಡಿಯಲ್ಲಿ ಹದಿನೆಂಟು ಕಂಪ್ಯೂಟರ್ ಹಾಕಿ ಶಿವಶಂಕರ ಒಂದು ಆಫೀಸು ತೆರೆದಿದ್ದ. ಕೆಳಗಿನಿಂದ ಹುಳದ ಔಷಧಿಯ ವಾಸನೆ, ಮೇಲೆ ನಾವು. ಕೆಲಸ ಇಷ್ಟೇ: ಕಂಪ್ಯೂಟರಿಗೆ ತಾನಾಗಿ ಏನೂ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಮನುಷ್ಯರು ಕೂತು ಸಾವಿರಾರು ಚಿತ್ರ ನೋಡಿ, ಇದು ಇದು, ಅದು ಅದು ಎಂದು ಗುರುತು ಹಾಕಿ ಕಲಿಸಬೇಕು. ಮೊದಲು ರಸ್ತೆಯ ಗುಂಡಿಗಳ ಚಿತ್ರ ಬಂತು. ಅದು ನಮಗೆ ಹುಟ್ಟಿನಿಂದ ಬಂದ ವಿದ್ಯೆ, ಕಣ್ಣು ಮುಚ್ಚಿಕೊಂಡು ಮಾಡಿದೆವು. ಕಳೆದ ವರ್ಷ ಮೈಸೂರಿನ ಒಂದು ಕಂಪನಿಯ ಮೂಲಕ ಅಮೆರಿಕದ ಶಾಲಾ ಹುಡುಗರು ಆಡುವ ಫುಟ್‌ಬಾಲಿನ ವಿಡಿಯೋಗಳು ಬಂದವು.

ಆ ಕಂಪನಿಯ ಮಧುಶ್ರೀ ಎಂಬ ಮೇಡಮ್ಮು ಫೋನಿನಲ್ಲಿ, "ನಿಮ್ಮಲ್ಲಿ ಫುಟ್‌ಬಾಲ್ ನಿಯಮ ಗೊತ್ತಿರೋರು ಯಾರಾದ್ರೂ ಇದಾರಾ?" ಎಂದು ಕೇಳಿದರು. ಶಿವಶಂಕರ ಕ್ಷಣವೂ ಯೋಚಿಸಲಿಲ್ಲ. "ನಮ್ಮ ದೊಡ್ಡಪ್ಪನೇ ಕೋಚು ಮೇಡಂ" ಎಂದ. ಮೇಷ್ಟ್ರ ಶಾಲೆಯ ಉಗ್ರಾಣದಲ್ಲಿ ಒಂದು ಫುಟ್‌ಬಾಲ್ ಇದ್ದದ್ದು ನಿಜ. ಅದಕ್ಕೆ ಗಾಳಿ ಇರಲಿಲ್ಲ.

ಹೀಗೆ ಮೇಷ್ಟ್ರು ಬಂದರು. ದಿನಾ ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸಿಳಿದು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಸೀಟಿ. ಸೀಟಿ ಯಾಕೆ ಎಂದು ಯಾರೂ ಕೇಳಲಿಲ್ಲ. ಮೊದಲ ದಿನ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ವಿಡಿಯೋ ನೋಡಿದರು. ಚೆಂಡಿನ ಎರಡೂ ತುದಿ ಚೂಪಾಗಿರುವುದು ಅವರಿಗೆ ಹಿಡಿಸಲಿಲ್ಲ.

"ಕೈಲಿಟ್ಕಂಡು ಓಡ್ತಾವ್ನೆ. ಇದ್ಯಾಕ್ಲಾ ಫುಟ್‌ಬಾಲು?" ಎಂದರು.

"ಗೊತ್ತಿಲ್ಲ ಸಾ."

ಇನ್ನೊಂದಷ್ಟು ಹೊತ್ತು ನೋಡಿ ತೀರ್ಮಾನಕ್ಕೆ ಬಂದರು. "ಕಬಡ್ಡಿ ಕಣ್ಲಾ ಇದು. ಉಸ್ರು ಹಿಡಿಯಾಕಾಗ್ದೋರು ಚೆಂಡು ಹಿಡ್ಕಂಡವ್ರೆ."

ನಮಗೆ ಕೊಟ್ಟಿದ್ದ ಕೆಲಸ ಆ ಆಟದ ಒಂದೇ ಒಂದು ನಿಯಮದ್ದು. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕಾಲಿಗೆ ಬಿದ್ದಾದರೂ ಕೆಡವಬಹುದು. ಆದರೆ ಅವನಿಗೆ ದಾರಿ ಮಾಡಿಕೊಡಲು ಅವನ ಕಡೆಯವರು ಎದುರಾಳಿಗಳನ್ನು ಅಡ್ಡಗಟ್ಟುತ್ತಾರಲ್ಲ, ಆಗ ಸೊಂಟದ ಕೆಳಗೆ ನುಗ್ಗುವಂತಿಲ್ಲ. ನುಗ್ಗಿದರೆ ಮೊಣಕಾಲು ಮುರಿಯುತ್ತದೆ. ಹಾಗೆಂದು ಯಾವಾಗಲೂ ತಪ್ಪೇ ಎನ್ನುವಂತೆಯೂ ಇಲ್ಲ. ಆಟ ಶುರುವಾಗಿ ಚೆಂಡು ಅಲ್ಲಾಡಿದ ಆ ಕ್ಷಣದಲ್ಲೇ, ಚೆಂಡಿನ ಸುತ್ತಲಿನ ಒಂದು ಸಣ್ಣ ಚೌಕದೊಳಗೆ, ಎರಡೂ ತಂಡಗಳ ನಡುವಿನ ಗೆರೆಯ ಮೇಲೆ ಎದುರುಬದುರು ನಿಂತವರು ತಡಮಾಡದೆ ನುಗ್ಗಿದರೆ ಸರಿ. ಒಂದು ಉಸಿರು ತಡವಾದರೆ ತಪ್ಪು. ಮೊದಲು ಎದೆಗೆ ತಾಕಿ ಆಮೇಲೆ ಜಾರಿ ಕಾಲಿಗೆ ಬಂದರೆ ಸರಿ. ಮೊದಲೇ ಕಾಲಿಗೆ ತಾಕಿದರೆ ತಪ್ಪು. ಒಂದೊಂದು ತುಣುಕು ಏಳು ಸೆಕೆಂಡು. ನೋಡಿ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು: ಈ ತಂಡದ ತಪ್ಪು, ಆ ತಂಡದ ತಪ್ಪು, ಇಬ್ಬರದೂ ತಪ್ಪು, ಯಾರದೂ ತಪ್ಪಿಲ್ಲ.

ಕೇಳಲು ಸಲೀಸು. ಮೊದಲ ವಾರವಿಡೀ ಸೊಂಟ ಎಲ್ಲಿದೆ ಎಂಬುದರ ಮೇಲೇ ಜಗಳವಾಯಿತು. ಮೇಷ್ಟ್ರು ಪ್ಯಾಂಟನ್ನು ಹೊಟ್ಟೆಯ ಕೆಳಗೆ, ಹೊಕ್ಕುಳಿನಿಂದ ಒಂದು ಗೇಣು ಇಳಿಸಿ ಬೆಲ್ಟು ಹಾಕುವವರು. ಬೆಲ್ಟು ಎಲ್ಲಿದೆಯೋ ಸೊಂಟ ಅಲ್ಲಿ ಎಂದು ಅವರ ವಾದ. ಆ ಲೆಕ್ಕದಲ್ಲಿ ಅಮೆರಿಕದ ಹುಡುಗರು ತೊಡೆಗೆ ಗುದ್ದಿದರೂ ಸೊಂಟದ ಮೇಲೇ ಗುದ್ದಿದಂತಾಗುತ್ತಿತ್ತು. ಶಿವಶಂಕರ ಎದ್ದು ನಿಂತು ತನ್ನ ಸೊಂಟ ಮುಟ್ಟಿ ನೋಡಿಕೊಂಡ. ನಾನೂ ಮುಟ್ಟಿಕೊಂಡೆ. ಹದಿನೆಂಟು ಜನ ಸೊಂಟ ತಡಕಿಕೊಳ್ಳುತ್ತಾ ನಿಂತಿರುವಾಗ ಗೊಬ್ಬರ ಕೇಳಲು ಬಂದ ರೈತನೊಬ್ಬ ದಾರಿ ತಪ್ಪಿ ಮಹಡಿ ಹತ್ತಿ ಬಂದು, ನೋಡಿ, ಏನೂ ಮಾತಾಡದೆ ಇಳಿದು ಹೋದ.

ಜಗಳ ಬಗೆಹರಿಸಿದವಳು ಭವ್ಯ. ಉಮ್ಮತ್ತೂರಿನವಳು, ನಮ್ಮ ಆಫೀಸಿಗೆ ಹೊಸಬಳು. ಅದಕ್ಕೆ ಮೊದಲು ನಾಲ್ಕು ವರ್ಷ ನಂಜನಗೂಡು ಕಡೆ ಗಾರ್ಮೆಂಟ್ಸಿನಲ್ಲಿ ಪ್ಯಾಂಟಿನ ಸೊಂಟಪಟ್ಟಿ ಚೆಕ್ ಮಾಡುವ ಕೆಲಸದಲ್ಲಿದ್ದಳು. ದಿನಕ್ಕೆ ಎಂಟುನೂರು ಸೊಂಟ ಅವಳ ಕೈಮೇಲೆ ಹೋಗುತ್ತಿತ್ತು. ಅವಳು ನೋಟ್‌ಬುಕ್ಕಿನ ಹಾಳೆಯೊಂದನ್ನು ಉದ್ದಕ್ಕೆ ಮಡಚಿ ಪಟ್ಟಿ ಮಾಡಿ, ಪರದೆಯ ಮೇಲೆ ಹುಡುಗನ ಸೊಂಟಪಟ್ಟಿಗೆ ಸರಿಯಾಗಿ ಹಿಡಿದಳು. "ಇದ್ರ ಮ್ಯಾಕೆ ತಾಕುದ್ರೆ ಮ್ಯಾಕೆ, ಕೆಳಕ್ಕೆ ತಾಕುದ್ರೆ ಕೆಳಕ್ಕೆ ಸಾ" ಎಂದಳು. ಅಷ್ಟೇ. ಮಿಕ್ಕವರೆಲ್ಲ ಮರುದಿನದಿಂದ ಹಾಳೆ ಮಡಚತೊಡಗಿದೆವು. ಮೇಷ್ಟ್ರು ಮಾತ್ರ ಬೆಲ್ಟು ಸರಿಮಾಡಿಕೊಂಡು ಟೀ ಕುಡಿಯಲು ಹೋದರು.

ಭವ್ಯ ಕೆಲಸ ಮಾಡುವ ರೀತಿಯೇ ಬೇರೆ. ಕೆಲಸದ ಜೊತೆ ಕಳಿಸಿದ್ದ ಅರವತ್ತು ಪುಟದ ನಿಯಮದ ಪುಸ್ತಕವನ್ನು ಆಫೀಸಿನಲ್ಲಿ ಪೂರ್ತಿ ಓದಿದವಳು ಅವಳೊಬ್ಬಳೇ. ಉಮ್ಮತ್ತೂರಿನ ಬಸ್ಸಿನಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ಓದುತ್ತಿದ್ದಳು. ನಾವು ತುಣುಕನ್ನು ಮುಂದಕ್ಕೆ ಓಡಿಸಿ ಯಾರು ಬಿದ್ದರು ಎಂದು ನೋಡುತ್ತಿದ್ದೆವು. ಅವಳು ಬಿದ್ದಲ್ಲಿಂದ ಹಿಂದಕ್ಕೆ ಒಂದೊಂದೇ ಚಿತ್ರ ಸರಿಸುತ್ತಾ, ಮೊದಲು ತಾಕಿದ್ದು ಎಲ್ಲಿ ಎಂದು ಹುಡುಕುತ್ತಿದ್ದಳು. "ಹೊಲಿಗೆ ಬಿಚ್ಚಿರೋ ಜಾಗ್ದಲ್ಲಿ ನೋಡುದ್ರೆ ಏನೂ ಗೊತ್ತಾಗಲ್ಲ ಶರತಣ್ಣ, ಮೊದ್ಲು ಎಲ್ಲಿ ದಾರ ತಪ್ಪೈತೆ ಅಂತ ನೋಡ್ಬೇಕು" ಎಂದು ನನಗೆ ಹೇಳಿಕೊಟ್ಟಳು. ಅವಳಿಗೆ ಈ ಕೆಲಸ ಬೇಕೇಬೇಕಿತ್ತು. ಮೂರು ತಿಂಗಳ ಪರೀಕ್ಷೆಯ ಅವಧಿ. ಅದರ ಕೊನೆಗೆ ಅಮೆರಿಕದವರು ನೂರಕ್ಕೆ ತೊಂಬತ್ತೈದು ಸರಿ ಎಂದರೆ ಕಾಯಂ, ಇಲ್ಲವಾದರೆ ಮನೆಗೆ. ಗಾರ್ಮೆಂಟ್ಸಿನವರು ಒಮ್ಮೆ ಬಿಟ್ಟವರನ್ನು ಮತ್ತೆ ಸೇರಿಸುತ್ತಿರಲಿಲ್ಲ. ಆ ಕೆಲಸ ಬಿಟ್ಟದ್ದಕ್ಕೆ ಅವಳವ್ವ ರಾಚಮ್ಮ ಹದಿನೈದು ದಿನ ಮಗಳ ಹತ್ತಿರ ಮಾತು ಬಿಟ್ಟಿದ್ದಳಂತೆ.

ಸೊಂಟದ ವಿಷಯ ಮುಗಿದ ಮರುದಿನ ಮೇಷ್ಟ್ರು ಅವಳನ್ನು ಕರೆದು ಅಕ್ಕರೆಯಿಂದ ಮಾತಾಡಿಸಿದರು. "ಯಾವೂರಮ್ಮಿ?"

"ಉಮ್ಮತ್ತೂರು ಸಾ."

"ಉಮ್ಮತ್ತೂರಲ್ಲಿ ಯಾವ ಬೀದಿ?"

ಅವಳು ಒಂದು ಕ್ಷಣ ಅವರ ಮುಖ ನೋಡಿ, ಬೀದಿಯ ಹೆಸರು ಹೇಳಿದಳು. ಕೇಳಿದ್ದು ಬೀದಿಯನ್ನಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಸೇರಿ ಎರಡು ವರ್ಷವಾದರೂ ಯಾರೂ ನನ್ನ ಬೀದಿ ಕೇಳಿರಲಿಲ್ಲ. ಕೇಳದೆಯೇ ಗೊತ್ತಿತ್ತು, ಆದ್ದರಿಂದ ನಾನೂ ಆ ಹೊತ್ತಿನಲ್ಲಿ ಪರದೆ ನೋಡುತ್ತಾ ಕೂತೆ. "ಒಳ್ಳೇದು ಒಳ್ಳೇದು" ಎಂದ ಮೇಷ್ಟ್ರು ಅಂದಿನಿಂದ ದಿನದ ಹೆಚ್ಚಿನ ಹೊತ್ತು ಅವಳ ಕುರ್ಚಿಯ ಹಿಂದೆಯೇ ಇರತೊಡಗಿದರು.

ನಮ್ಮ ಉತ್ತರ ನೋಡಿ ತಿದ್ದಲು ತೀರ್ಪುಗಾರರಿಗೆಂದು ಬೇರೆ ಪಾಸ್‌ವರ್ಡ್ ಕೊಟ್ಟಿದ್ದರು. ಅದು ಅವರಿಗೆ ನೆನಪಿರುತ್ತಿರಲಿಲ್ಲ. ಮೊದಲ ತಿಂಗಳು ಸುಮ್ಮನೆ ನೋಡುತ್ತಾ ನಿಂತಿದ್ದವರು ಎರಡನೇ ತಿಂಗಳಿನಿಂದ "ಏಳಮ್ಮಿ, ಒಂದ್ನಿಮ್ಸ" ಎಂದು ಭವ್ಯಳನ್ನು ಎಬ್ಬಿಸಿ, ಅವಳದೇ ಕುರ್ಚಿಯಲ್ಲಿ ಕೂತು, ಅವಳದೇ ಹೆಸರಿನಲ್ಲಿ ಅವಳ ಉತ್ತರ ತಿದ್ದುತ್ತಿದ್ದರು. ತಿದ್ದಿ ಏನು ಹಾಕುತ್ತಿದ್ದರೆಂದು ಬೇರೆ ಹೇಳಬೇಕೇ? ಆ ನಾಲ್ಕು ಗುಂಡಿಗಳಲ್ಲಿ ಮೂರನೆಯದನ್ನು ಕಂಡ ದಿನವೇ ಅವರ ಮುಖ ಅರಳಿತ್ತು. ಎರಡೂ ಕಡೆ ತಪ್ಪಾದರೆ ಒಂದಕ್ಕೊಂದು ವಜಾ, ಶಿಕ್ಷೆ ಇಲ್ಲ, ಆಟ ಮತ್ತೆ ಆಡಿ ಎಂದು ಆ ಪುಸ್ತಕದಲ್ಲೂ ಇದೆ. "ನೋಡ್ಲಾ, ಅಮೆರಿಕದೋರ್ಗೂ ಬುದ್ಧಿ ಅದೆ" ಎಂದು ನನ್ನ ಬೆನ್ನು ತಟ್ಟಿದರು. ಅದು ನೂರರಲ್ಲಿ ಒಂದೆರಡು ಸಲ ಒತ್ತುವ ಗುಂಡಿ. ಮೇಷ್ಟ್ರು ಅದನ್ನು ಬಸ್ಸಿನ ಹಾರನ್ನಿನ ಹಾಗೆ ಒತ್ತಿದರು.

ಇನ್ನೊಂದು ಸಂಗತಿಯೂ ಇತ್ತು. ಕಾಲಿಗೆ ನುಗ್ಗುವುದು ಅವರ ಕಣ್ಣಿಗೆ ತಪ್ಪಾಗಿ ಕಾಣುತ್ತಲೇ ಇರಲಿಲ್ಲ. ಕಬಡ್ಡಿಯಲ್ಲಿ ಪಾದ ಹಿಡಿಯುವವನೇ ಗಂಡು. ಯಾವನಾದರೂ ಹುಡುಗ ಚೆನ್ನಾಗಿ ಕಾಲಿಗೆ ಹಾರಿದರೆ ಅವರು "ಶಭಾಷ್" ಎಂದೇಬಿಡುತ್ತಿದ್ದರು. ಪುಸ್ತಕದಲ್ಲಿ ತಪ್ಪು ಎಂದಿದೆ, ಮನಸ್ಸು ಶಭಾಷ್ ಎನ್ನುತ್ತಿದೆ. ಹಾಗಾಗಿ ಪುಸ್ತಕಕ್ಕೂ ಮನಸ್ಸಿಗೂ ರಾಜಿ ಮಾಡಿಸಿ ಇಬ್ಬರದೂ ತಪ್ಪು ಎನ್ನುತ್ತಿದ್ದರು.

ಒಂದು ತುಣುಕು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಐವತ್ತೆರಡನೇ ನಂಬರಿನ ತೆಳ್ಳನೆಯ ಹುಡುಗ ಚೌಕದಿಂದ ಎಷ್ಟೋ ದೂರ, ಚೆಂಡಿನ ಕಡೆ ನೋಡುತ್ತಾ ನಿಂತಿದ್ದಾನೆ. ಪಕ್ಕದಿಂದ ಒಬ್ಬ ದಡಿಯ ಓಡಿಬಂದು ಅವನ ಮೊಣಕಾಲಿಗೇ ಬೀಳುತ್ತಾನೆ. ತುಣುಕು ಮುಗಿಯುವವರೆಗೂ ಆ ಹುಡುಗ ಏಳುವುದಿಲ್ಲ. ಭವ್ಯ ದಡಿಯನ ತಂಡದ ತಪ್ಪು ಎಂದು ಒತ್ತಿದ್ದಳು. ಮೇಷ್ಟ್ರು ಅವಳನ್ನು ಎಬ್ಬಿಸಿದರು.

"ಸಾ, ಈ ಹುಡ್ಗ ಏನೂ ಮಾಡಿಲ್ಲ ಸಾ. ಸುಮ್ಕೆ ನಿಂತವ್ನೆ."

"ಸುಮ್ಕೆ ಯಾಕಮ್ಮಿ ನಿಂತ್ಕಬೇಕು? ಅತ್ತಿತ್ತ ನೋಡ್ಕಂಡು ನಿಂತ್ಕಬೇಕಿತ್ತು. ಆಟಕ್ಕೆ ಬಂದ್ಮೇಲೆ ಉಷಾರಾಗಿರ್ಬೇಕು."

"ಅದು ನಿಯಮ್ದಲ್ಲಿ ಎಲ್ಲಿ ಅದೆ ಸಾ?"

"ಎಲ್ಲಾ ನಿಯಮ್ದಲ್ಲೇ ಇರ್ತದಾ? ಏನೂ ಮಾಡ್ದೋನ ಕಾಲ್ಗೆ ಯಾವನಾದ್ರೂ ಬೀಳ್ತಾನಾ? ಏನೋ ಮಾಡಿರ್ತಾನೆ ಬುಡು."

"ಅವ್ನು ಎದ್ದೇ ಇಲ್ಲ ಸಾ" ಎಂದಳು ಭವ್ಯ. ಮೇಷ್ಟ್ರು ಮೂರನೇ ಗುಂಡಿ ಒತ್ತಿದರು.

ಅವರು ಎದ್ದುಹೋದ ಮೇಲೆ ಭವ್ಯ ಆ ಉತ್ತರವನ್ನು ಮೊದಲಿನಂತೆ ಬದಲಾಯಿಸಿದಳು. ಸಂಜೆ ಮೇಷ್ಟ್ರು ಅದನ್ನು ಕಂಡುಹಿಡಿದು ಶಿವಶಂಕರನ ಕೋಣೆಗೆ ಹೋದರು. ಜೋರು ಮಾತೇನೂ ಕೇಳಲಿಲ್ಲ. ಮರುದಿನ ಗೋಡೆಯ ಮೇಲೆ ಚೀಟಿ ಅಂಟಿತ್ತು: ದೊಡ್ಡಪ್ಪನವರು ತಿದ್ದಿದ್ದನ್ನು ಯಾರೂ ಮತ್ತೆ ತಿದ್ದತಕ್ಕದ್ದಲ್ಲ. ಆಫೀಸಿನ ಚೀಟಿಯಲ್ಲೂ ದೊಡ್ಡಪ್ಪ ಎಂದೇ ಬರೆದಿದ್ದ.

ಇಷ್ಟಾದ ಮೇಲೆ ನಾನೇನು ಮಾಡಿದೆ ಎನ್ನುತ್ತೀರಾ? ನಾನು ಬುದ್ಧಿವಂತ. ಹೇಗೂ ತಿದ್ದುತ್ತಾರಲ್ಲ, ಎಬ್ಬಿಸಿಕೊಳ್ಳುವ ಅವಮಾನ ಯಾಕೆ ಎಂದು, ಅನುಮಾನ ಬಂದ ಕಡೆಯೆಲ್ಲ ನಾನೇ ಮೊದಲು ಇಬ್ಬರದೂ ತಪ್ಪು ಎಂದು ಒತ್ತಿಬಿಡುತ್ತಿದ್ದೆ. ಮೇಷ್ಟ್ರು ಹಿಂದೆ ಬಂದು ನಿಂತು, ನೋಡಿ, "ಈಗ ನಿಂಗೆ ಆಟ ಅರ್ಥವಾಯ್ತು ಕಣ್ಲಾ" ಎಂದರು. ನಾಚಿಕೆ ಆಗಲಿಲ್ಲವೇ ಎಂದರೆ, ಆಯಿತು. ಊಟದ ಹೊತ್ತಿಗೆ ಹೋಯಿತು.

ಎರಡನೇ ತಿಂಗಳ ಕೊನೆಗೆ ಅಮೆರಿಕದಿಂದ ಭವ್ಯಳ ಅಂಕ ಬಂತು. ಮೊದಲ ತಿಂಗಳು ತೊಂಬತ್ತಾರು ಇದ್ದದ್ದು ಎಪ್ಪತ್ತೆಂಟಕ್ಕೆ ಇಳಿದಿತ್ತು. ನಲವತ್ತು ತುಣುಕುಗಳ ಪಟ್ಟಿ ಕಳಿಸಿ, ಇವಳು ಇದ್ದಕ್ಕಿದ್ದಂತೆ ಎಲ್ಲದಕ್ಕೂ ಇಬ್ಬರದೂ ತಪ್ಪು ಎನ್ನುತ್ತಿದ್ದಾಳೆ, ಏನಾಗಿದೆ ಎಂದು ಮಧುಶ್ರೀ ಮೇಡಮ್ಮು ಕೇಳಿದರು. ಹೀಗೇ ಆದರೆ ಮುಂದಿನ ತಿಂಗಳ ಕೊನೆಗೆ ಅವಳನ್ನು ಬಿಡಿಸಬೇಕು ಎಂದೂ ಹೇಳಿದರು. ಶಿವಶಂಕರನಿಗೆ ಏನಾಗಿದೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ದೊಡ್ಡಪ್ಪನ ಹೆಸರು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. "ವಿಚಾರಿಸ್ತೀನಿ ಮೇಡಂ" ಎಂದು ಫೋನಿಟ್ಟ.

ವಿಚಾರಣೆ ಶನಿವಾರ ಮಧ್ಯಾಹ್ನ. ಕಂಪ್ಯೂಟರುಗಳನ್ನು ಆರಿಸಿ ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಕೂತೆವು. ಮಧ್ಯದ ದೊಡ್ಡ ಕುರ್ಚಿ ಖಾಲಿ ಇತ್ತು. ನ್ಯಾಯ ಎಂದ ಮೇಲೆ ಹಿರಿಯರು ಕೂರಬೇಕಲ್ಲ, ಶಿವಶಂಕರ ಅಭ್ಯಾಸಬಲದಿಂದ, "ಬನ್ನಿ ದೊಡ್ಡಪ್ಪ, ಕೂತ್ಕಳಿ" ಎಂದ. ಮೇಷ್ಟ್ರೂ ಅಭ್ಯಾಸಬಲದಿಂದ ಬಂದು ಕೂತರು. ಯಾರ ಮೇಲೆ ದೂರಿದೆಯೋ ಅವರೇ ನ್ಯಾಯಾಧೀಶರು ಎಂಬುದು ಅಲ್ಲಿ ಯಾರಿಗೂ ವಿಚಿತ್ರ ಎನಿಸಲಿಲ್ಲ. ನಮ್ಮ ಕಡೆ ಹಿರಿಯರು ಮಧ್ಯದಲ್ಲಿ ಕೂತುಬಿಟ್ಟರೆ ಎಲ್ಲರಿಗೂ ಅರ್ಧ ಭಾರ ಇಳಿದ ಹಾಗೆ. ಭವ್ಯ ಒಬ್ಬಳು ನಿಂತೇ ಇದ್ದಳು.

ಮೇಷ್ಟ್ರು ಎರಡೂ ಕಡೆಯ ಮಾತು ಕೇಳಿದರು. ಒಂದು ಕಡೆಯ ಮಾತನ್ನು ಅವರೇ ಆಡಿದರು. ಆಮೇಲೆ ಕಣ್ಣು ಮುಚ್ಚಿ, ತೆರೆದು, ತೀರ್ಪು ಹೇಳಿದರು.

"ಇದ್ರಲ್ಲಿ ಇಬ್ರುದೂ ತಪ್ಪದೆ. ನಾನು ಒಸಿ ಆತುರ ಬಿದ್ದೆ, ಅದು ನನ್ ತಪ್ಪು. ಇಲ್ಲ ಅನ್ನಲ್ಲ. ಹಿರೀಕರ್ಗೆ ಬಿಡಿಸಿ ಹೇಳ್ಬೇಕಿತ್ತು, ಆ ಹುಡ್ಗಿ ಹೇಳ್ನಿಲ್ಲ, ಅದು ಅವ್ಳ ತಪ್ಪು. ಇಬ್ರೂ ಒಂದೊಂದು ಕ್ಷಮಾಪಣೆ ಪತ್ರ ಬರ್ದು ಸೈನ್ ಹಾಕಿ ಕಳಿಸ್ಬುಡನ. ಮುಗೀತು."

ಶಿವಶಂಕರ ನಿಟ್ಟುಸಿರು ಬಿಟ್ಟ. ಪತ್ರಗಳು ಮೊದಲೇ ತಯಾರಾಗಿದ್ದವು, ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಮೇಷ್ಟ್ರು ತಮ್ಮದಕ್ಕೆ ಸೈನ್ ಹಾಕಿ ಪೆನ್ನನ್ನು ಭವ್ಯಳ ಕಡೆ ಚಾಚಿದರು. ಅವರು ಮಾಡುತ್ತಿದ್ದುದು ದೊಡ್ಡ ತ್ಯಾಗ ಎಂದು ಅವರ ಮುಖದಲ್ಲೇ ಕಾಣುತ್ತಿತ್ತು. ಅವರು ಸೈನ್ ಹಾಕಿದರೆ ಹೋಗುವುದು ಒಂದಿಷ್ಟು ಶಾಯಿ. ಅವಳು ಹಾಕಿದರೆ ಅವಳದು ತಪ್ಪು ಎಂದು ಅವಳೇ ಒಪ್ಪಿಕೊಂಡಂತಾಗಿ, ಕೆಲಸವೇ ಹೋಗುತ್ತಿತ್ತು. ಇದು ಅಲ್ಲಿದ್ದ ಹದಿನೆಂಟು ಜನಕ್ಕೂ ಗೊತ್ತಿತ್ತು, ಒಬ್ಬನೂ ಬಾಯಿ ಬಿಡಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

"ನಾನು ಹಾಕಲ್ಲ ಸಾ" ಎಂದಳು ಭವ್ಯ.

"ಯಾಕಮ್ಮಿ?"

"ನಾನು ಹೇಳುದ್ದೆ. ನಲವತ್ ಸತಿನೂ ಹೇಳುದ್ದೆ. ನೀವು ಏಳಮ್ಮಿ ಅಂದ್ರಿ, ಎದ್ದೆ. ತಿದ್ದುದ್ರಿ. ಇದ್ರಲ್ಲಿ ನಂದೇನು ತಪ್ಪದೆ ಅಂತ ಬಿಡಿಸಿ ಹೇಳಿ ಸಾ, ಸೈನ್ ಹಾಕ್ತೀನಿ."

ಮೇಷ್ಟ್ರಿಗೆ ಇಷ್ಟು ವರ್ಷದಲ್ಲಿ ಯಾರೂ ಬಿಡಿಸಿ ಹೇಳಿ ಎಂದಿರಲಿಲ್ಲ. "ಎಲ್ಲಾನೂ ಬಿಡಿಸ್ತಾ ಹೋದ್ರೆ ಸಂಸಾರ ನಡೆಯಲ್ಲ ಕಣವ್ವ" ಎಂದರು. ಶಿವಶಂಕರ, "ಹೋಗ್ಲಿ ಹಾಕಮ್ಮ, ಮುಂದಿಂದು ನಾನು ನೋಡ್ಕೊತೀನಿ" ಎಂದ. ಏನನ್ನು ನೋಡಿಕೊಳ್ಳುತ್ತಾನೆಂದು ಅವನಿಗೂ ಗೊತ್ತಿರಲಿಲ್ಲ.

ಭವ್ಯ ತನ್ನ ಕಂಪ್ಯೂಟರಿನ ಮುಂದೆ ಕೂತು ಅದನ್ನು ಆನ್ ಮಾಡಿದಳು. ಒಂದೊಂದು ತುಣುಕಿನ ಮೂಲೆಯಲ್ಲೂ ಒಂದು ಸಣ್ಣ ಬಾವುಟದ ಗುರುತು ಇರುತ್ತಿತ್ತು. ಅದನ್ನು ಒತ್ತಿದರೆ ತುಣುಕು ನೇರವಾಗಿ ಅಮೆರಿಕದ ರೆಫರಿಗಳ ಹತ್ತಿರ ಮರುವಿಚಾರಣೆಗೆ ಹೋಗುತ್ತದೆ. ಮೊದಲು ಯಾವ ಉತ್ತರ ಇತ್ತು, ಆಮೇಲೆ ಏನಾಯಿತು ಎಂಬುದೂ ಜೊತೆಗೆ ಹೋಗುತ್ತದೆ. ಅದು ನಮಗೆಲ್ಲ ಮೊದಲ ದಿನದಿಂದ ಗೊತ್ತಿತ್ತು. ಹಿರಿಯರು ತಿದ್ದಿದ ಮೇಲೆ ಅದನ್ನು ಒತ್ತುವುದು ಅವರ ಮುಖಕ್ಕೆ ಹೊಡೆದಂತೆ ಎಂದು ಯಾರೂ ಮುಟ್ಟಿರಲಿಲ್ಲ. ಭವ್ಯ ಪಟ್ಟಿ ನೋಡಿಕೊಂಡು ಒಂದೊಂದೇ ತುಣುಕು ತೆರೆದು, ಬಾವುಟ ಒತ್ತಿ, ಯಾವ ನಿಯಮ, ಎಷ್ಟನೇ ಸೆಕೆಂಡಿನಲ್ಲಿ ಎಲ್ಲಿ ತಾಕಿದೆ ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದಳು. ನಲವತ್ತಕ್ಕೆ ಎರಡು ಗಂಟೆ ಹಿಡಿಯಿತು. ಯಾರೂ ಎದ್ದುಹೋಗಲಿಲ್ಲ. ಎದ್ದು ಹೋಗಿ ಎಂದು ಹೇಳಬೇಕಾದವರು ಮಧ್ಯದ ಕುರ್ಚಿಯಲ್ಲಿ ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಕೂತಿದ್ದರು. ನನಗೆ ಖುಷಿಯೂ ಆಯಿತು, ಭಯವೂ ಆಯಿತು.

ಉತ್ತರ ಬುಧವಾರ ಬಂತು. ಶಿವಶಂಕರ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೋಣೆಯಿಂದ ಹೊರಗೆ ಬಂದು, ದೊಡ್ಡಪ್ಪನ ಮುಖ ನೋಡದೆ ಓದಿದ. ನಲವತ್ತರಲ್ಲಿ ಮೂವತ್ತೆಂಟಕ್ಕೆ ಭವ್ಯಳ ಮೊದಲಿನ ಉತ್ತರ ಸರಿ. ಎರಡು ತಪ್ಪು. ಅವಳ ಅಂಕ ತೊಂಬತ್ತೇಳಕ್ಕೆ ಏರಿದೆ, ಕಾಯಂ ಮಾಡಬಹುದು. ಆಫೀಸಿನ ಉಳಿದ ಎಲ್ಲರ ಕೆಲಸವನ್ನೂ ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆ ಎಂದು ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಆ ಸಾಲು ನನ್ನ ತಲೆಯ ಮೇಲೆ ಬಿತ್ತು. ಭವ್ಯಳಿಗಾದರೆ ಮೊದಲಿನ ಉತ್ತರಗಳ ಸಾಕ್ಷಿ ಇತ್ತು. ನಾನು ಬುದ್ಧಿವಂತಿಕೆಯಿಂದ ಮೊದಲೇ ತಪ್ಪು ಒತ್ತಿದ್ದವನು, ನನ್ನ ಸಾಕ್ಷಿಯೇ ನನ್ನ ವಿರುದ್ಧ ಇತ್ತು. ಹದಿನೈದು ದಿನದಲ್ಲಿ ನನ್ನನ್ನು ಫುಟ್‌ಬಾಲಿನಿಂದ ತೆಗೆದು ಟೊಮೆಟೊ ಚಿತ್ರ ನೋಡಲು ಹಾಕಿದರು.

ಆದರೆ ಆ ದಿನ ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವರು ಮೇಷ್ಟ್ರು. "ಎರಡು ತಪ್ಪು ಅಂದವ್ರಾ?"

"ಹೂಂ ದೊಡ್ಡಪ್ಪ, ಎರಡೇ ಎರಡು."

ಮೇಷ್ಟ್ರ ಮುಖ ಮೂರನೇ ಗುಂಡಿಯನ್ನು ಮೊದಲ ಸಲ ಕಂಡ ದಿನದಂತೆ ಅರಳಿತು. "ನೋಡ್ದಾ ಶಂಕ್ರ? ನಾನೇನಂದೆ? ಆ ಹುಡ್ಗೀದೂ ತಪ್ಪದೆ ಅಂದಿರ್ನಿಲ್ವಾ? ಎರಡಾದ್ರೇನು, ತಪ್ಪು ತಪ್ಪೇ."

ಭವ್ಯ ಆ ಎರಡು ತುಣುಕುಗಳನ್ನು ತೆರೆದು, ಹಾಳೆಯ ಪಟ್ಟಿ ಹಿಡಿದು, ಹಿಂದಕ್ಕೂ ಮುಂದಕ್ಕೂ ಸರಿಸಿ ಬಹಳ ಹೊತ್ತು ನೋಡಿದಳು. ಕಾಯಂ ಆದ ಖುಷಿಯನ್ನು ಪಕ್ಕಕ್ಕಿಟ್ಟು ತನ್ನ ತಪ್ಪು ಹುಡುಕುತ್ತಾ ಕೂತ ಮನುಷ್ಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

"ಇವೆರಡ್ರಲ್ಲೂ ಯಾರ್ದೂ ತಪ್ಪಿಲ್ಲ ಅಂತ ಬರ್ದವ್ರೆ ಸಾ. ಮೊದ್ಲು ಎದೆಗೆ ತಾಕೈತೆ, ಆಮ್ಯಾಕೆ ಜಾರೈತೆ. ನಾನು ಒಬ್ಬುನ ಮ್ಯಾಲೆ ತಪ್ಪು ಹಾಕ್ಬುಟ್ಟೆ. ಅದು ನಂದೇ ತಪ್ಪು, ನಾನು ಒಪ್ಕತೀನಿ. ನೀವು ಇಬ್ರು ಮ್ಯಾಲೂ ಹಾಕಿದ್ರಿ. ನಲವತ್ರಲ್ಲಿ ನಿಮ್ದು ಒಂದೂ ಸರಿಯಾಗಿಲ್ಲ ಸಾ."

ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ಈ ಮನುಷ್ಯನಿಗೆ ಈಗಲಾದರೂ ಗೊತ್ತಾಯಿತು ಎಂದುಕೊಂಡೆ. ನನ್ನ ಹತ್ತನೇ ಕ್ಲಾಸಿನ ಹೊಟ್ಟೆಯುರಿಗೂ ತಣ್ಣೀರು ಬಿದ್ದಂತಾಯಿತು.

"ಯಾರ್ದೂ ತಪ್ಪಿಲ್ಲ ಅಂತ ಬರ್ದವ್ರಾ?" ಎಂದು ಮೇಷ್ಟ್ರು ನಿಧಾನವಾಗಿ ಕೇಳಿದರು.

"ಇವೆರಡ್ರಲ್ಲಿ ಸಾ."

"ಅಷ್ಟೇ ಬುಡವ್ವ ಮತ್ತೆ" ಎಂದು ಅವರು ಎದ್ದು ಬ್ಯಾಗು ತೆಗೆದುಕೊಂಡರು. "ಯಾರ್ದೂ ತಪ್ಪಿಲ್ಲ ಅಂದ್ಮೇಲೆ ಮುಗೀತಲ್ಲ. ನಾನ್ಯಾಕೆ ಸುಮ್ಕೆ ಮನ್ಸಿಗೆ ಹಚ್ಕಳ್ಳಿ." ಹೋಗುವಾಗ ಅವಳ ತಲೆಯ ಮೇಲೆ ಕೈಯಿಟ್ಟು, ಆಶೀರ್ವಾದ ಮಾಡಿ, ಮೆಟ್ಟಿಲಿಳಿದು ಹೋದರು. ಭವ್ಯ ಅವರು ಕೈಯಿಟ್ಟ ಕಡೆ ಕೂದಲು ಸರಿಮಾಡಿಕೊಂಡು ಮುಂದಿನ ತುಣುಕು ತೆರೆದಳು.

ಮೇಷ್ಟ್ರು ಆಮೇಲೆ ಆಫೀಸಿಗೆ ಬರಲಿಲ್ಲ. ಬರಬೇಡಿ ಎಂದು ಶಿವಶಂಕರ ಹೇಳಲೂ ಇಲ್ಲ. ಬಸ್ಸಿನ ಓಡಾಟ ಆಗುವುದಿಲ್ಲ ಎಂದು ಅವರೇ ಹೇಳಿಕಳಿಸಿದರು. ತಿಂಗಳಾದ ಮೇಲೆ ಏನೋ ಕೆಲಸಕ್ಕೆ ಗುಂಡ್ಲುಪೇಟೆಗೆ ಹೋದಾಗ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ಸಿಕ್ಕಿದರು. ನಾಲ್ಕೈದು ಜನ ಸುತ್ತ ಕೂತಿದ್ದರು. ನಮ್ಮ ಆಫೀಸಿನಲ್ಲಿ ಅಮೆರಿಕದ ಮಟ್ಟಕ್ಕೆ ಹೋದ ಒಂದು ವ್ಯಾಜ್ಯವನ್ನು ತಾವು ಹೇಗೆ ನಡೆಸಿಕೊಟ್ಟೆವು ಎಂದು ಹೇಳುತ್ತಿದ್ದರು. "ಕೊನೆಗೆ ಅಲ್ಲಿಂದ್ಲೇ ಬಂತು, ಇದ್ರಲ್ಲಿ ಯಾರ್ದೂ ತಪ್ಪಿಲ್ಲ ಅಂತ. ಪಾಪ ಆ ಹುಡ್ಗಿ ಕೆಲ್ಸಾನೂ ಉಳೀತು." ಕೂತವರು ತಲೆದೂಗಿದರು. ಅಷ್ಟರಲ್ಲಿ ನನ್ನನ್ನು ಕಂಡು, ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡು, "ಇವ್ನೂ ಅಲ್ಲೇ ಇದ್ದ. ಕೇಳಿ ಬೇಕಾದ್ರೆ. ಅಲ್ವೇನ್ಲಾ ಶರತ?" ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ನನಗೊಂದು ಟೀ ಹೇಳಿದ್ದರು, ಅದು ಆಗಲೇ ಕೈಗೆ ಬಂದಿತ್ತು.

"ಹೂಂ ಸಾ" ಎಂದೆ.